ಹೊಸ್ತಿಲು ಎತ್ತರಿಸಬೇಡಿ

ಕೋವಿಡ್ ಕಾಲದಲ್ಲಿ ಎರಡು ವರ್ಷ ಸರಳವಾಗಿ ಮುಗಿದಿದ್ದ ಬೆಂಗಳೂರು ಕರಗ 2022ರ ಏಪ್ರಿಲ್‌ನಲ್ಲಿ ಮತ್ತೆ ಅದ್ದೂರಿಯಾಗಿ ಬೀದಿಗಿಳಿಯುವುದಿತ್ತು. ಆಗಲೇ ಕೆಲವು ಸಂಘಟನೆಗಳು ತಕರಾರು ತೆಗೆದವು. ಕರಗ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗಕೂಡದು ಎಂದವು. ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದವರು ಅದಕ್ಕೆ ಸೊಪ್ಪು ಹಾಕಲಿಲ್ಲ. ಹಿಂದಿನಿಂದ ನಡೆದುಬಂದದ್ದು ನಡೆಯುತ್ತದೆ ಎಂದರು. ಮುಸ್ಲಿಂ ಧರ್ಮಗುರುಗಳು ಗುಡಿಗೇ ಬಂದು ಕರೆದು ಹೋದರು. ಚೈತ್ರ ಹುಣ್ಣಿಮೆಯ ರಾತ್ರಿ ಕರಗ ದರ್ಗಾಕ್ಕೆ ಹೋಯಿತು.

ಗಲಾಟೆ ಹೇಗೋ ತಣ್ಣಗಾಯಿತಲ್ಲ ಎಂದು ನಾವು ಮರೆತುಬಿಟ್ಟಿದ್ದೇವೆ. ಮರೆಯಬಾರದು. ನಮಗ್ಯಾಕೆ ಈ ಉಸಾಬರಿ, ಈ ವರ್ಷ ಬೇರೆ ದಾರಿಯಲ್ಲಿ ಹೋಗೋಣ ಎಂದು ದೇವಸ್ಥಾನದ ಹಿರಿಯರು ಒಂದೇ ಒಂದು ಸಲ ಅಂದುಕೊಂಡಿದ್ದರೆ ಸಾಕಿತ್ತು. ಇಂಥ ದಾರಿ ಒಮ್ಮೆ ಮುಚ್ಚಿದರೆ ಮುಂದಿನ ವರ್ಷ ಅದನ್ನು ತೆರೆಯುವ ಧೈರ್ಯ ಯಾರಿಗೂ ಬರುವುದಿಲ್ಲ.

ಆ ಮೆರವಣಿಗೆಯನ್ನು ಹತ್ತಿರದಿಂದ ನೋಡಿದವರು ಒಂದು ಮಾತು ಒಪ್ಪುತ್ತಾರೆ. ಅದರಲ್ಲಿ ಸಡಿಲವಾದದ್ದು ಏನೂ ಇಲ್ಲ. ಕರಗ ಹೊರುವವರು ಅರಿಸಿನ ಬಣ್ಣದ ಸೀರೆ ಉಟ್ಟು, ಬಳೆ ತೊಟ್ಟು ಆ ರಾತ್ರಿ ದ್ರೌಪದಿಯೇ ಆಗಿರುತ್ತಾರೆ. ತಲೆಯ ಮೇಲಿಂದ ಮಲ್ಲಿಗೆ ದಟ್ಟವಾಗಿ ಇಳಿಬಿದ್ದಿರುತ್ತದೆ, ಕರಗವನ್ನು ಕೈ ಕೊಟ್ಟು ಹಿಡಿಯುವಂತಿಲ್ಲ. ಸುತ್ತ ಒರೆಯಿಂದ ಹಿರಿದ ಕತ್ತಿಯ ವೀರಕುಮಾರರು. ಕರಗ ಜಾರಿ ಬಿದ್ದರೆ ಹೊತ್ತವರನ್ನೇ ಕಡಿಯಬೇಕೆಂಬ ಮಾತು ಹಿಂದಿನಿಂದಲೂ ಇದೆ. ವ್ರತದಲ್ಲಿ ಇಷ್ಟು ಕಟ್ಟುನಿಟ್ಟಾಗಿರುವ, ತನ್ನ ತಾಯಿಯನ್ನು ಇಷ್ಟು ಗಾಢವಾಗಿ ನಂಬಿದ ತಿಗಳ ಸಮುದಾಯ ಒಬ್ಬ ಸೂಫಿ ಸಂತನ ಗೋರಿಯ ಎದುರು ಗೌರವದಿಂದ ನಿಲ್ಲುತ್ತದೆ. ಬಾಗಿಲು ತೆರೆದರೆ ಭಕ್ತಿ ತೆಳುವಾಗುತ್ತದೆ ಎಂದು ಹೇಳುವವರು ಒಂದು ವರ್ಷವಾದರೂ ನಿದ್ದೆಗೆಟ್ಟು ಕಾಟನ್‌ಪೇಟೆಗೆ ಬಂದು ನಿಲ್ಲಲಿ. ನಂಬಿಕೆ ಗಟ್ಟಿ ಇದ್ದವರಿಗೆ ನೆರೆಯವರ ಅಂಗಳದಲ್ಲಿ ಹೆದರಿಕೆ ಆಗುವುದಿಲ್ಲ.

ಶಿವಾಜಿನಗರದ ಸೇಂಟ್ ಮೇರಿಸ್ ಬೆಸಿಲಿಕಾದಲ್ಲೂ ಇದೇ. ಸೆಪ್ಟೆಂಬರ್ 8ರ ಹಬ್ಬಕ್ಕೆ ಕಾವಿ ಬಣ್ಣದ ಸೀರೆಯುಟ್ಟ ಹೆಂಗಸರು ಸಾಲುಗಟ್ಟುತ್ತಾರೆ. ಒಳಗಿರುವ ಮಾತೆಗೂ ಸೀರೆಯೇ. ಕನ್ನಡ, ತಮಿಳು, ಇಂಗ್ಲಿಷ್‌ಗಳಲ್ಲಿ ಪೂಜೆ ನಡೆಯುತ್ತದೆ. ಮೇಣದಬತ್ತಿ ಹಚ್ಚುವವರಲ್ಲಿ ಹಣೆಗೆ ಕುಂಕುಮ ಇಟ್ಟವರೂ ಇರುತ್ತಾರೆ, ಬುರ್ಖಾ ತೊಟ್ಟವರೂ ಇರುತ್ತಾರೆ. ಪಕ್ಕದ ರಸೆಲ್ ಮಾರ್ಕೆಟ್ಟಿನಲ್ಲಿ ಮಾತೆಯ ಮಾಲೆ ಕಟ್ಟಿದ ಕೈ ಯಾವ ಧರ್ಮದ್ದೆಂದು ಯಾರೂ ವಿಚಾರಿಸುವುದಿಲ್ಲ.

ಆದರೆ ಅದೇ 2022ರ ಮಾರ್ಚ್‌ನಲ್ಲಿ ಕರಾವಳಿಯ ಜಾತ್ರೆಗಳಲ್ಲಿ ನಾವು ಅದನ್ನೂ ವಿಚಾರಿಸಿದೆವು. ಕಾಪು ಮಾರಿಪೂಜೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಜಾಗವಿಲ್ಲ ಎಂದಾಯಿತು. ಬೇರೆ ಊರುಗಳಲ್ಲೂ ಬ್ಯಾನರ್‌ಗಳು ಎದ್ದವು. ದೇವಸ್ಥಾನದ ಜಾಗವನ್ನು ಹಿಂದೂಯೇತರರಿಗೆ ಗುತ್ತಿಗೆ ಕೊಡಬಾರದೆಂಬ 2002ರ ಮುಜರಾಯಿ ನಿಯಮವನ್ನು ವಿಧಾನಸಭೆಯಲ್ಲೇ ಮುಂದಿಟ್ಟು ಇದನ್ನು ಸಮರ್ಥಿಸಲಾಯಿತು. ಜಾತ್ರೆಯ ಬದಿಯಲ್ಲಿ ಬಳೆ, ಆಟಿಕೆ, ಕಲ್ಲಂಗಡಿ ಮಾರುವವನಿಗೆ ಅದು ವರ್ಷದ ದುಡಿಮೆ. ಅವನ ಹೊಟ್ಟೆಯ ಮೇಲೆ ಹೊಡೆದು ಯಾವ ದೇವಿಯನ್ನು ಮೆಚ್ಚಿಸಿದಂತಾಯಿತು? ಅಂದು ಸುಮ್ಮನಿದ್ದ ಭಕ್ತರೆಲ್ಲರನ್ನೂ ನಾನು ಕೇಳುತ್ತಿದ್ದೇನೆ. ಬ್ಯಾನರ್ ಕಟ್ಟಿದವರು ಕೆಲವೇ ಜನ. ಅದರ ಕೆಳಗೆ ನಡೆದುಹೋಗಿ ಹಣ್ಣುಕಾಯಿ ಮಾಡಿಸಿಕೊಂಡು ಬಂದವರು ನಾವು, ಸಾವಿರಾರು ಜನ.

ಹೊರಗಿನವರ ಮಾತು ಹಾಗಿರಲಿ, ಒಳಗಿನವರನ್ನೇ ನಾವು ಎಷ್ಟು ಒಳಗೆ ಬಿಟ್ಟಿದ್ದೇವೆ? 2021ರಲ್ಲಿ ಕೊಪ್ಪಳ ಜಿಲ್ಲೆಯ ಮಿಯಾಪುರದಲ್ಲಿ ದಲಿತರ ಪುಟ್ಟ ಮಗುವೊಂದು ಗುಡಿಯೊಳಗೆ ಓಡಿತೆಂದು ಅದರ ಮನೆಯವರಿಗೆ ದಂಡ ಹಾಕಲು ಹೊರಟರು. ಅದು ಹಳ್ಳಿಯ ಮಾತು, ನಮ್ಮ ನಗರದಲ್ಲಿ ಹಾಗಿಲ್ಲ ಎಂದು ಸಮಾಧಾನ ಪಟ್ಟುಕೊಳ್ಳಬೇಡಿ. ನಗರದಲ್ಲಿ ಹೆಸರು, ಅಡ್ಡಹೆಸರು, ಊಟ ಕೇಳಿ ಬಾಡಿಗೆ ಮನೆಯ ಬಾಗಿಲು ಮುಚ್ಚುತ್ತೇವೆ. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಗಣಪತಿ ಗುಡಿ ಕಟ್ಟುವವರೇ ಕ್ಲಬ್‌ಹೌಸಿನಲ್ಲಿ ಇಫ್ತಾರ್ ಮಾಡಲು ಕೇಳಿದರೆ ನಿಯಮ ಹುಡುಕುತ್ತಾರೆ. ಮಸೀದಿಗಳವರಿಗೂ ಇದೇ ಪ್ರಶ್ನೆ: ನಿಮ್ಮ ಹೆಣ್ಣುಮಕ್ಕಳಿಗೆ ಒಳಗೆ ಎಷ್ಟು ಜಾಗ ಇದೆ?

ಹಾಗಂತ ದಾರಿ ತೋರಿಸಿದವರು ಇಲ್ಲದಿಲ್ಲ. ಗಾಂಧಿನಗರದ ಮಹಾಬೋಧಿ ಸೊಸೈಟಿಯನ್ನು 1956ರಲ್ಲಿ ಕಟ್ಟಿದ ಆಚಾರ್ಯ ಬುದ್ಧರಕ್ಖಿತರು ಪ್ರಾರ್ಥನೆಗಷ್ಟೇ ನಿಲ್ಲಲಿಲ್ಲ. ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯಗಳ ವಾರ್ಡಿಗೆ ಇಂದಿಗೂ ಮಹಾಬೋಧಿಯ ಹೆಸರಿದೆ. ಮೈ ಸುಟ್ಟು ನರಳುತ್ತ ಅಲ್ಲಿಗೆ ಬರುವವರಲ್ಲಿ ಬೌದ್ಧರು ಎಷ್ಟು ಜನ? ಹಲಸೂರು ಕೆರೆಯ ದಂಡೆಯ ಗುರುದ್ವಾರದಲ್ಲಿ ತಲೆಗೊಂದು ಬಟ್ಟೆ ಕಟ್ಟಿಕೊಂಡು ನೆಲದ ಮೇಲೆ ಕೂತರೆ ಸಾಕು, ತಟ್ಟೆಗೆ ರೊಟ್ಟಿ ಬೀಳುತ್ತದೆ. ಬಡಿಸುವವರು ಜಾತಿ ಕೇಳುವುದಿಲ್ಲ.

ಈ ನಗರಕ್ಕೆ ದಿನವೂ ರೈಲಿನಿಂದ ಇಳಿಯುವವರಿದ್ದಾರೆ. ರಾಯಚೂರಿನಿಂದ, ಒಡಿಶಾದಿಂದ, ಅಸ್ಸಾಮಿನಿಂದ ಬಂದವರು. ಅವರಿಗೆ ಇಲ್ಲಿ ಗುರುತಿನವರಿಲ್ಲ. ಮಾಲಿನಲ್ಲಿ ಸೆಕ್ಯುರಿಟಿಯವನು ತಡೆಯುತ್ತಾನೆ, ಪಾರ್ಕಿಗೆ ರಾತ್ರಿ ಬೀಗ. ಕಾಸು ಕೇಳದೆ ಒಂದು ಗಳಿಗೆ ಕೂರಲು ಬಿಡುವ ಜಾಗವೆಂದು ಉಳಿದಿರುವುದು ಗುಡಿಯ ಜಗಲಿ, ದರ್ಗಾದ ನೆರಳು, ಚರ್ಚಿನ ಬೆಂಚು. ಅಲ್ಲೂ ನೀನು ಯಾರವನು ಎಂದು ಕೇಳಿದರೆ ಅವರು ಎಲ್ಲಿಗೆ ಹೋಗಬೇಕು?

ಅದಕ್ಕೇ ಧರ್ಮದರ್ಶಿಗಳನ್ನು, ಮಸೀದಿಯ ಮುತವಲ್ಲಿಗಳನ್ನು, ಚರ್ಚಿನ ಪಾಲನಾ ಸಮಿತಿಯವರನ್ನು ಕೈಮುಗಿದು ಕೇಳುತ್ತೇನೆ. ಗೇಟಿನ ಹೊರಗೊಂದು ಕುಡಿಯುವ ನೀರಿನ ನಲ್ಲಿ ಹಾಕಿಸಿ. ವರ್ಷಕ್ಕೊಂದು ದಿನ ಬೀದಿಯವರನ್ನೆಲ್ಲ ಒಳಗೆ ಕರೆದು ಕೂರಿಸಿ. ಜಾತ್ರೆಯ ಅಂಗಡಿ ಹರಾಜಿನಲ್ಲಿ ಯಾರ ಧರ್ಮವನ್ನೂ ಕೇಳುವುದಿಲ್ಲ ಎಂದು ಠರಾವು ಮಾಡಿ, ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಹಾಕಿ. ನಿಮ್ಮಲ್ಲಿ ಒಬ್ಬರು ಸೂಚಿಸಬೇಕು, ಇನ್ನೊಬ್ಬರು ಅನುಮೋದಿಸಬೇಕು, ಅಷ್ಟೇ. ಭಕ್ತರಾದ ನಾವು ಹುಂಡಿಗೆ ಕಾಣಿಕೆ ಹಾಕುವ ಮೊದಲು ಆ ಠರಾವು ಎಲ್ಲಿದೆ ಎಂದು ಕೇಳೋಣ. ಈ ವಾರದಿಂದಲೇ ಕೇಳೋಣ.