ಅಂಕಿ ಕುಸಿದಾಗ ಬರುವವರು ಯಾರು?

ರೋಗಿಯ ನಾಡಿಬಡಿತ, ರಕ್ತದೊತ್ತಡ, ಉಷ್ಣತೆ, ರಕ್ತದಲ್ಲಿನ ಆಮ್ಲಜನಕದ ಪ್ರಮಾಣ ಇತ್ಯಾದಿಗಳನ್ನು ಅಂಗೈಯಗಲದ ಉಪಕರಣವೊಂದು ತಾನಾಗಿ ದಾಖಲಿಸಿ ವೈದ್ಯರ ಮುಂದಿರಿಸುವ ಕಾಲ ಬಂದಿದೆ. ಆಸ್ಪತ್ರೆಗಳ ಜಾಹೀರಾತುಗಳಲ್ಲಿ ಇದು ಪವಾಡದಂತೆ ಬಿಂಬಿತವಾಗುತ್ತಿದೆ. ಸರಕಾರಗಳೂ ಇಂತಹ ಉಪಕರಣಗಳ ಖರೀದಿಯನ್ನು ತಮ್ಮ ಸಾಧನೆಯ ಪಟ್ಟಿಗೆ ಸೇರಿಸಿಕೊಳ್ಳುತ್ತವೆ. ನಾವು ಯಂತ್ರದ ವಿರೋಧಿಗಳಲ್ಲ. ಆದರೆ ಯಂತ್ರ ತೋರಿಸಿದ ಅಂಕಿಗೆ ಉತ್ತರಿಸಬೇಕಾದವರು ಯಾರೆಂಬ ಪ್ರಶ್ನೆಯನ್ನು ಬದಿಗೊತ್ತಿ ನಡೆಯುವ ಈ ಸಂಭ್ರಮದಲ್ಲಿ ಪಾಲ್ಗೊಳ್ಳಲು ನಮಗೆ ಸಾಧ್ಯವಿಲ್ಲ.

ವಾರ್ಡಿನಲ್ಲಿರುವ ರೋಗಿಯ ಸ್ಥಿತಿ ಸಾಮಾನ್ಯವಾಗಿ ಒಮ್ಮೆಲೇ ಹದಗೆಡುವುದಿಲ್ಲ. ಗಂಟೆಗಳ ಮೊದಲೇ ಉಸಿರಾಟದ ವೇಗ ಏರುತ್ತದೆ, ರಕ್ತದೊತ್ತಡ ಇಳಿಯತೊಡಗುತ್ತದೆ. ಮಂಚಕ್ಕೆ ನೇತುಹಾಕಿದ ಹಾಳೆಯಲ್ಲಿ ಅದು ಬರೆಯಲ್ಪಟ್ಟಿರಲೂಬಹುದು, ಓದುವವರಿರುವುದಿಲ್ಲ. ಅದರಲ್ಲೂ ಉಸಿರಾಟವನ್ನು ಎಣಿಸಲು ಪೂರ್ತಿ ಒಂದು ನಿಮಿಷ ರೋಗಿಯ ಎದೆಯನ್ನೇ ನೋಡುತ್ತಾ ನಿಲ್ಲಬೇಕು. ಹತ್ತಾರು ರೋಗಿಗಳ ಹೊಣೆ ಹೊತ್ತ ದಾದಿಗೆ ಆ ಒಂದು ನಿಮಿಷ ಎಲ್ಲಿಂದ ಸಿಗಬೇಕು? ಹದಿನೆಂಟೋ ಇಪ್ಪತ್ತೋ ಅಂದಾಜಿನಲ್ಲಿ ಬರೆದು ಮುಂದೆ ಸಾಗುವುದು ಜಗತ್ತಿನೆಲ್ಲೆಡೆ ಕಂಡುಬರುವ ಸಂಗತಿ.

ಈ ಲೋಪಕ್ಕೆ ಬ್ರಿಟನ್ನಿನ ಪೋರ್ಟ್ಸ್‌ಮತ್ ಮತ್ತು ಕೊವೆಂಟ್ರಿ ನಗರಗಳ ಎರಡು ದೊಡ್ಡ ಸರಕಾರಿ ಆಸ್ಪತ್ರೆಗಳು ಕಂಡುಕೊಂಡ ಪರಿಹಾರ ಗಮನಾರ್ಹವಾದುದು. ಅಲ್ಲಿ ದಾದಿಯರು ಹಾಳೆಯ ಬದಲು ಕೈಯಲ್ಲಿ ಹಿಡಿಯುವ ಪುಟ್ಟ ಕಂಪ್ಯೂಟರಿನಲ್ಲಿ ರೋಗಿಯ ಪಕ್ಕದಲ್ಲೇ ಅಂಕಿಗಳನ್ನು ನಮೂದಿಸತೊಡಗಿದರು. ಅಪಾಯದ ಮಟ್ಟವನ್ನು ಅದೇ ಲೆಕ್ಕಹಾಕಿತು, ಮುಂದಿನ ತಪಾಸಣೆ ಯಾವಾಗ ಎಂಬುದನ್ನೂ ತಿಳಿಸಿತು. 2015ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಈ ವ್ಯವಸ್ಥೆ ಜಾರಿಯಾದ ಅವಧಿಯಲ್ಲಿ ಮರಣ ಪ್ರಮಾಣವು ಪೋರ್ಟ್ಸ್‌ಮತ್‌ನಲ್ಲಿ ಶೇ. 7.75ರಿಂದ 6.42ಕ್ಕೂ, ಕೊವೆಂಟ್ರಿಯಲ್ಲಿ ಶೇ. 7.57ರಿಂದ 6.15ಕ್ಕೂ ಇಳಿಯಿತು. ಶ್ರೇಯಸ್ಸೆಲ್ಲವೂ ಯಂತ್ರದ್ದೇ ಎಂದು ಸಾಧಿಸುವುದು ಕಷ್ಟ. ಆದರೂ ನೂರಾರು ಕುಟುಂಬಗಳ ಪಾಲಿಗೆ ಅದು ಸಣ್ಣ ವ್ಯತ್ಯಾಸವಲ್ಲ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಬ್ರಿಟನ್ನಿನ ವೈದ್ಯರ ರಾಯಲ್ ಕಾಲೇಜು 2012ರಲ್ಲಿ ರೂಪಿಸಿದ ಮುನ್ನೆಚ್ಚರಿಕೆಯ ಮಾನದಂಡದಲ್ಲಿ ಅಂಕ ಐದಕ್ಕೇರಿದರೆ ತುರ್ತಾಗಿ ವೈದ್ಯರು ಬಂದು ಪರೀಕ್ಷಿಸಬೇಕು, ಏಳಕ್ಕೇರಿದರೆ ತೀವ್ರ ನಿಗಾದ ಪರಿಣತರ ತಂಡವೇ ಧಾವಿಸಬೇಕು. ಅಂದರೆ ಅಲ್ಲಿ ಅಂಕಿ ಎಂಬುದು ಕೇವಲ ಮಾಹಿತಿಯಲ್ಲ, ಅದು ಇನ್ನೊಬ್ಬರ ಮೇಲೆ ಬೀಳುವ ಕರ್ತವ್ಯ.

ನಮ್ಮಲ್ಲೇನಾಯಿತು? 2021ರ ಎರಡನೇ ಅಲೆಯಲ್ಲಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಬಡವರ ಮನೆಗಳನ್ನೂ ತಲುಪಿತು. ಅದೇ ವರ್ಷದ ಜುಲೈಯಲ್ಲಿ ಕೇಂದ್ರವು ಅದರ ಮೇಲಿನ ವ್ಯಾಪಾರಿ ಲಾಭಾಂಶಕ್ಕೆ ಮಿತಿ ಹೇರಿತು, ಅಲೆಯ ಅಬ್ಬರ ಇಳಿದ ಮೇಲೆ! ಬೆರಳ ತುದಿಯಲ್ಲಿ ಅಂಕಿ ತೊಂಬತ್ತರಿಂದ ಕೆಳಗಿಳಿಯುವುದನ್ನು ಮಕ್ಕಳು ಕಣ್ಣಾರೆ ಕಂಡರು. ಹಾಸಿಗೆ ಸಿಗಲಿಲ್ಲ. ಹಾಸಿಗೆ ಸಿಕ್ಕವರ ಪಾಡಾದರೂ ಏನು? ಆ ಮೇ ತಿಂಗಳ ಆರಂಭದಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ 24 ಮಂದಿಯ ಸಾವು ವರದಿಯಾಯಿತು. ಆಮ್ಲಜನಕದ ಕೊರತೆಯನ್ನು ಹೈಕೋರ್ಟ್ ನೇಮಿಸಿದ ಸಮಿತಿಯೇ ಎತ್ತಿ ತೋರಿಸಿತು. ಅಂದು ಕೊರತೆಯಿದ್ದುದು ಅಂಕಿಗಳಿಗಲ್ಲ, ಸಿಲಿಂಡರಿಗೆ.

ಇನ್ನು, ಈ ಅಂಕಿಯಾದರೂ ಎಲ್ಲರಿಗೂ ಸಮಾನವೇ? ಜಪಾನಿನ ಎಂಜಿನಿಯರ್ ತಕುವೊ ಅಯೊಯಾಗಿ 1970ರ ದಶಕದಲ್ಲಿ ಕಂಡುಹಿಡಿದ ತತ್ವದ ಮೇಲೆ ಆಕ್ಸಿಮೀಟರ್ ಕೆಲಸ ಮಾಡುತ್ತದೆ. ಬೆಳಕು ಚರ್ಮದ ಮೂಲಕ ಹಾದು ಅಳೆಯುತ್ತದೆ. ಆದುದರಿಂದ ಚರ್ಮದ ಬಣ್ಣ ಅಳತೆಗೆ ಅಡ್ಡ ಬರುತ್ತದೆ. 2020ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ, ಯಂತ್ರವು 92ರಿಂದ 96 ಎಂದು ಸಮಾಧಾನ ಹೇಳುತ್ತಿದ್ದಾಗಲೇ ರಕ್ತದಲ್ಲಿನ ನಿಜವಾದ ಪ್ರಮಾಣ 88ಕ್ಕಿಂತ ಕೆಳಗಿದ್ದ ಪ್ರಸಂಗಗಳು ಬಿಳಿಯರಲ್ಲಿ ಶೇ. 3.6, ಕರಿಯರಲ್ಲಿ ಶೇ. 11.7. ಬ್ರಿಟಿಷ್ ಸರಕಾರ ನೇಮಿಸಿದ ಸ್ವತಂತ್ರ ಪರಿಶೀಲನೆಯೂ 2024ರಲ್ಲಿ ಈ ಅಪಾಯವನ್ನು ಒಪ್ಪಿತು. ಬಿಸಿಲಲ್ಲಿ ದುಡಿದು ಕಪ್ಪಾದ ಮೈಗಳ ಈ ನಾಡಿನಲ್ಲಿ, 'ಈ ಯಂತ್ರವನ್ನು ಎಂಥವರ ಬೆರಳಿನ ಮೇಲೆ ಪರೀಕ್ಷಿಸಿದ್ದೀರಿ?' ಎಂದು ಖರೀದಿಗೆ ಮುನ್ನ ಕೇಳುವುದು ಅಧಿಕಾರಿಗಳ ಪಾಲಿಗೆ ಐಚ್ಛಿಕವಾಗಿರಬಾರದು.

ರಾಜ್ಯ ಸರಕಾರವು 2024ರಲ್ಲಿ ಕೋಲಾರದಿಂದ ಗೃಹ ಆರೋಗ್ಯ ಯೋಜನೆಯನ್ನು ಆರಂಭಿಸಿ, ಮನೆಬಾಗಿಲಲ್ಲಿ ರಕ್ತದೊತ್ತಡ, ಮಧುಮೇಹ ತಪಾಸಣೆಗೆ ಚಾಲನೆ ನೀಡಿತು. ಸ್ವಾಗತಾರ್ಹ ಹೆಜ್ಜೆ. ಆದರೆ ಹಳ್ಳಿಯ ಮನೆಬಾಗಿಲನ್ನು ಬಲ್ಲ ಆಶಾ ಕಾರ್ಯಕರ್ತೆಯರು ಮರುವರ್ಷದ ಜನವರಿಯಲ್ಲಿ ತಿಂಗಳಿಗೆ 15 ಸಾವಿರ ರೂಪಾಯಿ ಗೌರವಧನ ಕೇಳಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಗೆ ಮಲಗಬೇಕಾಯಿತು. ಆನ್‌ಲೈನ್ ಪೋರ್ಟಲ್‌ನಲ್ಲಿ ಅಂಕಿಗಳು ದಾಖಲಾಗದೆ ಹೋದರೆ ಮಾಡಿದ ಕೆಲಸದ ಪ್ರೋತ್ಸಾಹಧನವೂ ಸಿಗದೆಂಬುದು ಅವರ ಬಹುಕಾಲದ ಅಳಲು. ಅಂಕಿಗಿರುವ ಬೆಲೆ ಅಂಕಿ ತರುವವಳಿಗಿಲ್ಲ.

ಮುಂದಿನ ಬಜೆಟ್ಟಿನಲ್ಲಿ ಉಪಕರಣಗಳಿಗೆಂದು ಹಣ ತೆಗೆದಿರಿಸುವಾಗ ಸರಕಾರ ಇನ್ನೊಂದು ಕೆಲಸವನ್ನೂ ಮಾಡಲಿ. ಆ ಉಪಕರಣಗಳು ಹೋಗಿ ಸೇರುವ ವಾರ್ಡುಗಳಲ್ಲಿ ರಾತ್ರಿಪಾಳಿಗೆ ಮಂಜೂರಾದ ದಾದಿಯರ ಹುದ್ದೆಗಳೆಷ್ಟು, ಭರ್ತಿಯಾದದ್ದೆಷ್ಟು ಎಂಬುದನ್ನು ಅದೇ ಪುಟದಲ್ಲಿ ಮುದ್ರಿಸಲಿ.