ಕೆಸರಿನ ಓಟಕ್ಕೆ ಯಾವ ಗಡಿಯಾರ?

2020ರ ಫೆಬ್ರವರಿ 1ರಂದು ಐಕಳದ ಕಂಬಳದಲ್ಲಿ ಮೂಡುಬಿದಿರೆ ಬಳಿಯ ಅಶ್ವತ್ಥಪುರದ ಶ್ರೀನಿವಾಸ ಗೌಡರು ಜೋಡಿ ಕೋಣಗಳ ಬೆನ್ನಿಗೆ ಓಡಿ, 142.5 ಮೀಟರ್ ಉದ್ದದ ಕರೆಯನ್ನು 13.62 ಸೆಕೆಂಡುಗಳಲ್ಲಿ ಮುಗಿಸಿದರು. ಯಾರೋ ತ್ರೈರಾಶಿ ಹಾಕಿದರು: ಹಾಗಾದರೆ 100 ಮೀಟರಿಗೆ ಎಷ್ಟು? ಉತ್ತರ ಸುಮಾರು 9.56 ಸೆಕೆಂಡು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಬರೆದ ವಿಶ್ವದಾಖಲೆ 9.58. ಅಷ್ಟೇ ಸಾಕಾಯಿತು. ದೇಶವೆಲ್ಲ ಮೂಡುಬಿದಿರೆಯತ್ತ ತಿರುಗಿ ನೋಡಿತು. ಕೇಂದ್ರದ ಕ್ರೀಡಾ ಸಚಿವರು ಬೆಂಗಳೂರಿನ ಕ್ರೀಡಾ ಪ್ರಾಧಿಕಾರದಲ್ಲಿ ಪರೀಕ್ಷೆಗೆ ಕರೆದರು.

ಅದೇ ತಿಂಗಳು ಬೆಳ್ತಂಗಡಿ ತಾಲ್ಲೂಕಿನ ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿಯವರು 143 ಮೀಟರನ್ನು 13.61 ಸೆಕೆಂಡುಗಳಲ್ಲಿ ಕ್ರಮಿಸಿದರು. 2021ರಲ್ಲಿ ಬಂಟ್ವಾಳ ತಾಲ್ಲೂಕಿನ ಕಕ್ಯಪದವಿನಲ್ಲಿ ಗೌಡರದೇ ಇನ್ನೊಂದು ಓಟ: 125 ಮೀಟರಿಗೆ 11.21 ಸೆಕೆಂಡು. ತ್ರೈರಾಶಿಯಂತೆ 100 ಮೀಟರಿಗೆ ಒಂಬತ್ತು ಸೆಕೆಂಡಿಗಿಂತಲೂ ಕಡಿಮೆ!

ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಲೆಕ್ಕ ಸರಿಯಾದ ಮಾತ್ರಕ್ಕೆ ಹೋಲಿಕೆ ಸರಿಯಾಗಬೇಕೆಂದಿಲ್ಲ. ನಿಂತಲ್ಲಿಂದ ಹೊರಟವನಿಗೆ ಮೊದಲ ಹತ್ತಾರು ಮೀಟರ್ ವೇಗ ಕೂಡಿಸಿಕೊಳ್ಳುವುದರಲ್ಲೇ ಕಳೆಯುತ್ತದೆ. ದೂರ ಸ್ವಲ್ಪ ಹೆಚ್ಚಿದರೆ ಆ ನಷ್ಟ ಹಂಚಿಹೋಗಿ ಸರಾಸರಿ ಚೆನ್ನಾಗಿ ಕಾಣುತ್ತದೆ. ಬೋಲ್ಟ್ ಅದೇ 2009ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ 150 ಮೀಟರನ್ನು 14.35 ಸೆಕೆಂಡುಗಳಲ್ಲಿ ಓಡಿದಾಗ, ಕೊನೆಯ 100 ಮೀಟರಿಗೆ ಹಿಡಿದದ್ದು 8.70 ಸೆಕೆಂಡು ಮಾತ್ರ. ಅದನ್ನು ಯಾರೂ 100 ಮೀಟರ್ ಓಟದ ವಿಶ್ವದಾಖಲೆ ಎನ್ನಲಿಲ್ಲ.

ವಿಶ್ವದಾಖಲೆಗೆ ಬೇಕಾದ ಪುರಾವೆಯೇ ಬೇರೆ. ಓಟದ ದಾರಿ ಅಳೆದು ದೃಢಪಟ್ಟಿರಬೇಕು. ಬೆನ್ನ ಹಿಂದಿನ ಗಾಳಿ ಸೆಕೆಂಡಿಗೆ 2 ಮೀಟರ್ ಮೀರಬಾರದು. ಗುಂಡಿನ ಸದ್ದಿನ ಬಳಿಕ 0.1 ಸೆಕೆಂಡಿಗೆ ಮೊದಲೇ ಹೊರಟರೆ ತಪ್ಪು ಆರಂಭ. ಮುಕ್ತಾಯದ ಗೆರೆಯನ್ನು ಕ್ಯಾಮೆರಾ ಹಿಡಿಯಬೇಕು. ಉದ್ದೀಪನ ಮದ್ದಿನ ಪರೀಕ್ಷೆಯೂ ಆಗಬೇಕು. ಬೆನ್ನ ಹಿಂದಿನ ಗಾಳಿಯನ್ನೇ ಒಪ್ಪದ ನಿಯಮ, ಮುಂದಿನಿಂದ ಎಳೆಯುವ ಎರಡು ಕೋಣಗಳನ್ನು ಒಪ್ಪುವುದುಂಟೇ? ಇತ್ತ, ಓಟದ ಮೈದಾನದಲ್ಲಿ ಓಡುವವನಿಗೆ ಕಾಲಡಿಯ ಕೆಸರನ್ನು ಸೀಳುವ ಕಷ್ಟವೂ ಇಲ್ಲ. ಎರಡೂ ಬೇರೆ ಬೇರೆ ವಿದ್ಯೆ.

ಇದನ್ನು ಸ್ವತಃ ಶ್ರೀನಿವಾಸ ಗೌಡರೇ ಹೇಳಿದರು. ಕಂಬಳದಲ್ಲಿ ಹಿಮ್ಮಡಿಯ ಮೇಲೆ, ಟ್ರ್ಯಾಕಿನಲ್ಲಿ ಕಾಲ್ಬೆರಳಿನ ಮೇಲೆ ಓಡಬೇಕು ಎಂದು ವಿವರಿಸಿ, ಅವರು ಪರೀಕ್ಷೆಯ ಆಹ್ವಾನವನ್ನು ನಯವಾಗಿ ಬಿಟ್ಟರು. ಹೊಗಳಿಕೆಯ ಹೊಳೆಯಲ್ಲಿ ನಿಂತು ಹೀಗೆ ಹೇಳುವುದು ಸಣ್ಣ ಮಾತಲ್ಲ. ಆದರೂ 2022ರಲ್ಲಿ, ಆ ದಾಖಲೆಯೇ ಸುಳ್ಳೆಂಬ ದೂರು ಮೂಡುಬಿದಿರೆ ಪೊಲೀಸ್ ಠಾಣೆಯವರೆಗೂ ಹೋಯಿತು. ದೂರು ಎಂಬುದು ಆರೋಪ, ತೀರ್ಪಲ್ಲ. ಆದರೆ ಅಳತೆಪಟ್ಟಿ ಹೇಳಬೇಕಾದ ಮಾತನ್ನು ಠಾಣೆಯಲ್ಲಿ ಹುಡುಕುವ ಹಾಗಾದದ್ದು ಬೇಸರದ ಸಂಗತಿ.

ಹಾಗೆಂದು ಕಂಬಳಕ್ಕೆ ಪುರಾವೆ ಹೊಸ ವಿಷಯವೇನಲ್ಲ. ಕನೆಹಲಗೆಯ ಸ್ಪರ್ಧೆಯನ್ನು ನೋಡಿ. ಕರೆಯ ಮೇಲೆ ಆರೂವರೆ ಕೋಲು, ಏಳೂವರೆ ಕೋಲು ಎತ್ತರದಲ್ಲಿ ನಿಶಾನೆಯ ಬಟ್ಟೆ ಕಟ್ಟಿರುತ್ತಾರೆ. ಹಲಗೆಯಿಂದ ಚಿಮ್ಮಿದ ನೀರು ಬಟ್ಟೆಗೆ ತಾಗಿದರೆ ಗೆಲುವು, ಇಲ್ಲವಾದರೆ ಇಲ್ಲ. ಗೆದ್ದವನನ್ನೂ ಸೋತವನನ್ನೂ ನಂಬಬೇಕಾಗಿಲ್ಲ. ಒದ್ದೆ ಬಟ್ಟೆಯೇ ಸಾಕ್ಷಿ, ಸುತ್ತ ನಿಂತ ಸಾವಿರ ಕಣ್ಣುಗಳೇ ಪಂಚರು.

ಇತ್ತೀಚೆಗೆ ವೇಗದ ಓಟಕ್ಕೆ ಲೇಸರ್ ಕಿರಣದ ಗಡಿಯಾರ ಬಂದಿದೆ. ಸೆಕೆಂಡಿನ ನೂರನೇ ಒಂದು ಭಾಗವನ್ನೂ ಅದು ತೋರಿಸುತ್ತದೆ. ಆದರೆ ಕರೆಯ ಉದ್ದ ಐಕಳದಲ್ಲಿ ಒಂದು, ಕಕ್ಯಪದವಿನಲ್ಲಿ ಇನ್ನೊಂದು. ಗಂತಿನಲ್ಲಿ ಗಡಿಯಾರ ಹೊರಟದ್ದು ಯಾವ ಕ್ಷಣಕ್ಕೆ? ಮಂಜೊಟ್ಟಿಯಲ್ಲಿ ಕಿರಣವನ್ನು ಮೊದಲು ತಡೆದದ್ದು ಕೋಣದ ಮೂತಿಯೋ, ಓಟಗಾರನ ಎದೆಯೋ? ಕರೆಯನ್ನು ಅಳೆದವರು ಯಾರು? ಪ್ರತಿ ಕಂಬಳದಲ್ಲೂ ಇಷ್ಟನ್ನು ಬರೆದು, ಇಬ್ಬರ ಸಹಿ ಹಾಕಿಸಿಟ್ಟರೆ ಸಾಕು. ನೂರನೇ ಒಂದು ಭಾಗದ ಸೆಕೆಂಡಿಗೆ ಬೆಲೆ ಬರುವುದು ಆಗ ಮಾತ್ರ.

ಪುರಾವೆ ಕೇಳುವುದು ಅನುಮಾನವಲ್ಲ, ಓಟಗಾರನಿಗೆ ಕೊಡುವ ರಕ್ಷಣೆ. ಅವನ ಬೆವರಿಗೆ ಬೋಲ್ಟ್‌ನ ಹೆಸರಿನ ಆಸರೆ ಬೇಕಿಲ್ಲ. ಕಂಬಳದ ದಾಖಲೆ ಕಂಬಳದ ದಾಖಲೆಯಾಗಿಯೇ, ಕಂಬಳದ ಅಳತೆಯಲ್ಲೇ, ಯಾರು ಬಂದು ಕೇಳಿದರೂ ತೋರಿಸುವಂತೆ ಇರಲಿ.