ಕೆನ್ನೆಯ ಮೇಲಿನ ಬಿಳಿ ಮಚ್ಚೆ

ಮಕ್ಕಳೇ,

ನಮ್ಮ ಬಚ್ಚಲುಮನೆಯ ಗೂಟದಲ್ಲಿ ನನ್ನ ಟವೆಲು, ಮೊಮ್ಮಗಳ ಟವೆಲು ಯಾವಾಗಲೂ ಒಟ್ಟಿಗೇ ಇರುತ್ತವೆ. ಬೇಸಿಗೆ ರಜೆ ಮುಗಿದು ಶಾಲೆ ಶುರುವಾದ ವಾರ, ಒಂದು ಸಂಜೆ ನೋಡಿದರೆ ಅವಳ ಟವೆಲು ಅಲ್ಲಿಲ್ಲ. ಹಿತ್ತಲಿನ ತಂತಿಯ ತುದಿಯಲ್ಲಿ ಒಂಟಿಯಾಗಿ ನೇತಾಡುತ್ತಿತ್ತು.

"ಯಾಕೆ ಪುಟ್ಟಿ?" ಎಂದೆ.

"ನಿಂಗೂ ಅಂಟ್ಕೊಂಡ್ರೆ, ತಾತ?" ಎಂದಳು.

ಅವಳಿಗೆ ಎಂಟು ವರ್ಷ. ಎರಡೂ ಕೆನ್ನೆಯ ಮೇಲೆ ರೂಪಾಯಿ ನಾಣ್ಯದಷ್ಟಗಲ ಮಾಸಲು ಬಿಳಿ ಮಚ್ಚೆಗಳು ಎದ್ದಿದ್ದವು. ತರಗತಿಯಲ್ಲಿ ಪಕ್ಕದ ಹುಡುಗಿ ಅದನ್ನು ನೋಡಿ ಬೆಂಚಿನ ಆ ತುದಿಗೆ ಸರಿದು ಕೂತಳಂತೆ.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ತೀರ್ಪು. "ಸಿಹಿ ತಿಂದು ತಿಂದು ಜಂತುಹುಳು ಆಗಿದೆ" ಎಂದಳು ನನ್ನವಳು. "ಕ್ಯಾಲ್ಸಿಯಂ ಕಮ್ಮಿ" ಎಂದರು ಪಕ್ಕದ ಮನೆಯವರು. ನಾನು ಬಾಯಿ ಬಿಡಲಿಲ್ಲ. ಆದರೆ 'ತೊನ್ನು' ಎಂಬ ಶಬ್ದ ಎರಡು ರಾತ್ರಿ ನನ್ನ ನಿದ್ದೆ ಕೆಡಿಸಿತು. ಬ್ಯಾಂಕಿನಲ್ಲಿ ವೋಚರ್ ನೋಡದೆ ಒಂದು ಎಂಟ್ರಿಯನ್ನೂ ಹಾಕದವನು, ಇಲ್ಲಿ ನೋಡುವ ಮೊದಲೇ ಮನಸ್ಸಿನಲ್ಲಿ ಎಂಟ್ರಿ ಹಾಕಿಬಿಟ್ಟಿದ್ದೆ!

ಮೂರನೆಯ ದಿನ ಚರ್ಮದ ಡಾಕ್ಟರ ಬಳಿ ಕರೆದುಕೊಂಡು ಹೋದೆವು. ಅವರು ಮಚ್ಚೆಗಳನ್ನು ಬೆಳಕಿನಲ್ಲಿ ನೋಡಿದರು. ಪುಟ್ಟಿಯ ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಮಚ್ಚೆಯನ್ನು ಸವರಿದರು. "ಕಚಗುಳಿ ಆಗುತ್ತೆ" ಎಂದು ನಕ್ಕಳು. ಡಾಕ್ಟರೂ ನಕ್ಕರು.

"ಇದು ಪಿಟಿರಿಯಾಸಿಸ್ ಆಲ್ಬಾ. ಹೆಸರು ದೊಡ್ಡದು, ತೊಂದರೆ ಚಿಕ್ಕದು" ಎಂದರು. ಗ್ರೀಕ್ ಭಾಷೆಯಲ್ಲಿ 'ಪಿಟಿರಾನ್' ಎಂದರೆ ತವುಡು, ಲ್ಯಾಟಿನ್ನಿನಲ್ಲಿ 'ಆಲ್ಬಾ' ಎಂದರೆ ಬಿಳಿ. ಮಚ್ಚೆಯ ಮೇಲೆ ತವುಡಿನಂಥ ಸಣ್ಣ ಹೊಟ್ಟು ಇರುವುದರಿಂದ ಆ ಹೆಸರು.

ಇದು 3ರಿಂದ 16 ವರ್ಷದ ಮಕ್ಕಳಲ್ಲಿ ಹೆಚ್ಚು. ಒಣಚರ್ಮದವರಿಗೆ ಬರುವ, ಇಸುಬಿನ ಜಾತಿಯದೇ ಆದ ಬಹಳ ಸೌಮ್ಯ ರೂಪ. ಆ ಜಾಗದಲ್ಲಿ ಚರ್ಮದ ಬಣ್ಣ ಸ್ವಲ್ಪ ಕಡಿಮೆಯಾಗುತ್ತದೆ. ಬಿಸಿಲಿನಲ್ಲಿ ಆಡಿದಾಗ ಸುತ್ತಲಿನ ಚರ್ಮ ಕಪ್ಪಾಗಿ, ಮಚ್ಚೆ ಎದ್ದು ಕಾಣುತ್ತದೆ. ರಜೆ ಮುಗಿದ ಮೇಲೆ ನಮ್ಮ ಕಣ್ಣಿಗೆ ಬಿದ್ದದ್ದು ಅದಕ್ಕೇ. ಜಂತುಹುಳುವಿಗೂ ಸಿಹಿಗೂ ಕ್ಯಾಲ್ಸಿಯಂಗೂ ಇದಕ್ಕೂ ಸಂಬಂಧವಿಲ್ಲ. ಇದು ಅಂಟುವುದೂ ಇಲ್ಲ.

ತೊನ್ನಿನ ಮಚ್ಚೆ ಸುಣ್ಣದಂತೆ ಅಚ್ಚ ಬಿಳಿ, ಅಂಚು ಸ್ಪಷ್ಟ, ಹೊಟ್ಟು ಇರುವುದಿಲ್ಲ. ಅದೂ ಅಂಟುರೋಗವಲ್ಲ. ಮುಟ್ಟಿದರೆ ಗೊತ್ತಾಗದ ಮಚ್ಚೆ ಇದ್ದರೆ ಮಾತ್ರ ತಡಮಾಡಬಾರದು. ಅದು ಕುಷ್ಠವಿರಬಹುದು. ಅದಕ್ಕೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಔಷಧಿಯಿದೆ, ಪೂರ್ತಿ ವಾಸಿಯಾಗುತ್ತದೆ. ಹತ್ತಿಯ ಎಳೆಯ ಗುಟ್ಟು ಇದೇ.

ಚಿಕಿತ್ಸೆಯೂ ಸರಳ. ಸುಡುನೀರು ಬೇಡ, ಉಗುರುಬೆಚ್ಚಗಿನ ನೀರು ಸಾಕು. ಮುಖಕ್ಕೆ ಸೌಮ್ಯ ಸೋಪು, ಉಜ್ಜಾಟ ಬೇಡ. ಒದ್ದೆ ಆರುವ ಮೊದಲೇ ವ್ಯಾಸಲೀನು ಅಥವಾ ಸುವಾಸನೆಯಿಲ್ಲದ ಮಾಯಿಶ್ಚರೈಸರ್, ದಿನಕ್ಕೆ ಎರಡು ಸಲ. ಬಿಸಿಲಿಗೆ ಟೋಪಿ. ಕೆಂಪಾಗಿ ತುರಿಸಿದರೆ ಡಾಕ್ಟರು ಕೆಲವು ದಿನಕ್ಕೆ ಮೃದುವಾದ ಮುಲಾಮು ಕೊಡುತ್ತಾರೆ. ಮೆಡಿಕಲ್ ಶಾಪಿನಲ್ಲಿ ನಾವೇ ಕೇಳಿ ತರುವ ಸ್ಟೀರಾಯ್ಡ್ ಕ್ರೀಮು ಚರ್ಮವನ್ನು ತೆಳುಮಾಡುತ್ತದೆ. ನಿಂಬೆರಸವಂತೂ ಬೇಡವೇ ಬೇಡ.

"ತಿಂಗಳುಗಳೇ ಹಿಡಿಯುತ್ತೆ, ಕೆಲವರಿಗೆ ವರ್ಷವೂ ಆಗುತ್ತೆ. ತಾನಾಗಿಯೇ ಹೋಗುತ್ತೆ, ಕಲೆ ಉಳಿಯೋದಿಲ್ಲ" ಎಂದರು ಡಾಕ್ಟರು.

ಮನೆಗೆ ಬಂದವನೇ ಹಿತ್ತಲಿಗೆ ಹೋಗಿ ಟವೆಲು ತಂದು ನನ್ನ ಟವೆಲಿನ ಮೇಲೇ ಹಾಕಿದೆ. ಮರುದಿನ ಪುಟ್ಟಿ ತರಗತಿಯಲ್ಲಿ ತವುಡಿನ ಕಥೆ ಹೇಳಿದಳಂತೆ. ಪಕ್ಕದ ಹುಡುಗಿ ಮತ್ತೆ ಹತ್ತಿರ ಬಂದು ಕೂತಳು. ದೀಪಾವಳಿಯ ಹೊತ್ತಿಗೂ ಮಚ್ಚೆ ತೆಳುವಾಗಿ ಇತ್ತು. ಆದರೆ ಅಷ್ಟರಲ್ಲಿ ಅದರ ಕಡೆ ಯಾರ ಗಮನವೂ ಇರಲಿಲ್ಲ.

ಅಜ್ಜ-ಅಜ್ಜಿಯರೇ, ಮೊದಲು ತೋರಿಸಿ, ಆಮೇಲೆ ತೀರ್ಪು ಕೊಡಿ. ಮಕ್ಕಳೇ, ಗೆಳೆಯರ ಕೆನ್ನೆಯಲ್ಲಿ ಮಚ್ಚೆ ಕಂಡರೆ ಸರಿದು ಕೂರಬೇಡಿ.

ನಿಮ್ಮ,
ತಾತ